ಆರು ಸೆಮಿಸ್ಟರಿನ ಲೆಕ್ಕ

ಮೇಷ್ಟ್ರು: ಮೊದಲ ಸೆಮಿಸ್ಟರಿಗೆ ಬಂದ ಮಕ್ಕಳನ್ನು ಕೂರಿಸಿಕೊಂಡು ಮೂರು ವರ್ಷದ ಓದಿಗೂ ಯೋಜನೆ ಬರೆಸುತ್ತಿದ್ದೀಯಂತೆ. ಇದು ನನಗೆ ಸರಿ ಕಾಣುವುದಿಲ್ಲ ಕಣಮ್ಮ. ಬಿ.ಎ.ಗೆ ಸೇರುವ ದಿನ ತನಗೆ ಒಲಿಯುವುದು ಇತಿಹಾಸವೋ ಅರ್ಥಶಾಸ್ತ್ರವೋ ಎಂದು ತಿಳಿದವರು ಎಷ್ಟು ಮಂದಿ? ಆ ವಯಸ್ಸಿನಲ್ಲಿ ಓದು ಅಂದರೆ ಅಲೆದಾಟ. ಲೈಬ್ರರಿಯಲ್ಲಿ ಒಂದು ಪುಸ್ತಕ ಹುಡುಕಲು ಹೋಗಿ ಇನ್ನೊಂದಕ್ಕೆ ಸಿಕ್ಕಿಬೀಳುವುದೇ ವಿದ್ಯೆ. ಹಾಗೆ ಯೋಜನೆ ಹಾಕಿಕೊಂಡರೂ ಕಾಲಕೆಳಗಿನ ನೆಲ ನಿಲ್ಲಬೇಕಲ್ಲ? 2021ರಲ್ಲಿ ನಮ್ಮ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಒಪ್ಪಿ ನಾಲ್ಕು ವರ್ಷದ ಆನರ್ಸ್ ತಂದಿತು. 2024ರಲ್ಲಿ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ಮತ್ತೆ ಮೂರು ವರ್ಷಕ್ಕೆ ಮರಳಿತು. ಸರ್ಕಾರಕ್ಕೇ ಮೂರು ವರ್ಷ ಮುಂದಿನದು ಕಾಣದಿರುವಾಗ ಆ ಮಕ್ಕಳಿಗೆ ಕಾಣಬೇಕೆನ್ನುವುದು ಯಾವ ನ್ಯಾಯ?

ಉಪನ್ಯಾಸಕಿ: ಮುಂದಿನದು ಕಾಣಲಿ ಎಂದು ನಾನು ಬರೆಸುತ್ತಿಲ್ಲ ಮೇಷ್ಟ್ರೇ. ಈಗಿನದಾದರೂ ಕಾಣಲಿ ಎಂದು ಬರೆಸುತ್ತಿದ್ದೇನೆ. ಯುಜಿಸಿ 2022ರಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಬೇಕು, ಎಂದರೆ ಸೆಮಿಸ್ಟರಿಗೆ 20. ಈ ಸಂಖ್ಯೆಯನ್ನು ಗಂಟೆಗೆ ಇಳಿಸಿ ನೋಡಿ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವರ್ಷದ 40 ಕ್ರೆಡಿಟ್‌ಗೆ 1200 ಗಂಟೆಯ ಕಲಿಕೆಯನ್ನು ಲೆಕ್ಕ ಹಿಡಿಯುತ್ತದೆ. ಹದಿನೈದು ವಾರದ ಸೆಮಿಸ್ಟರಿನಲ್ಲಿ ಅದು ವಾರಕ್ಕೆ 40 ಗಂಟೆ. ಥಿಯರಿ ಪತ್ರಿಕೆಯಾದರೆ ಒಂದು ಕ್ರೆಡಿಟ್‌ಗೆ 15 ಗಂಟೆ ಪಾಠ. ಎಲ್ಲವೂ ಥಿಯರಿಯೇ ಎಂದಿಟ್ಟುಕೊಂಡರೆ ತರಗತಿಯಲ್ಲಿ ಕಳೆಯುವುದು ವಾರಕ್ಕೆ 20 ಗಂಟೆ. ಮಿಕ್ಕ 20 ಗಂಟೆ ಯಾವ ಟೈಂಟೇಬಲ್ಲಿನಲ್ಲೂ ಇಲ್ಲ. ಪಿಯುಸಿ ಮುಗಿಯುವ ತನಕ ಆ ಹೊತ್ತನ್ನು ಟ್ಯೂಷನ್ನಿನವರೋ ಮನೆಯವರೋ ಹಾಸ್ಟೆಲ್ ವಾರ್ಡನ್ನೋ ಕಾಯುತ್ತಿದ್ದರು. ಡಿಗ್ರಿಗೆ ಬಂದ ಕೂಡಲೇ ಕಾಯುವವರು ಒಬ್ಬೊಬ್ಬರಾಗಿ ಸರಿದುಹೋಗುತ್ತಾರೆ. ಅರ್ಧ ಹೊತ್ತು ಊರಿಗೆ ಹೋಗಿಬರುವ ಬಸ್ಸಿಗೆ, ಇನ್ನರ್ಧ ಅಂಗಡಿಯ ಸಂಜೆ ಕೆಲಸಕ್ಕೆ ಹೋಗುತ್ತದೆ. ಹೀಗೆ ಹೋಯಿತೆಂದು ಹುಡುಗನಿಗೆ ತಿಳಿಯುವುದು ರಿಸಲ್ಟ್ ಬಂದಾಗ. ಅಷ್ಟರಲ್ಲಿ ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದಿರುತ್ತದೆ. ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಮೊದಲ ಸೆಮಿಸ್ಟರಿನಲ್ಲಿ ಹೋದ ಪತ್ರಿಕೆಯನ್ನು ಮೂರನೆಯ ಸೆಮಿಸ್ಟರಿನ ಪತ್ರಿಕೆಗಳ ಜೊತೆಗೇ ಬರೆಯಬೇಕು. ಒಂದರ ಭಾರ ಇನ್ನೊಂದರ ತಲೆಯ ಮೇಲೆ ಕೂರುತ್ತದೆ. ನಾನು ಬರೆಸುವ ಹಾಳೆಯಲ್ಲಿ ಮೊದಲು ಇರುವುದು ಈ 20 ಗಂಟೆ ಮಾತ್ರ. ಏನಾಗಬೇಕೆಂದಿದ್ದೀಯ ಎಂಬ ಪ್ರಶ್ನೆ ಅದರಲ್ಲಿಲ್ಲ. ನಿಯಮ ಬದಲಾದರೆ ಮರುದಿನವೇ ಹಾಳೆಯನ್ನು ತಿದ್ದಬಹುದು. ಹಾಳೆಯೇ ಇಲ್ಲದವನಿಗೆ ಯಾವುದು ಬದಲಾಯಿತು ಎಂದೂ ತಿಳಿಯುವುದಿಲ್ಲ.

ಮೇಷ್ಟ್ರು: ಟೈಂಟೇಬಲ್ ಬರೆದು ಗೋಡೆಗೆ ಅಂಟಿಸುವವರು ಎಲ್ಲ ಕಾಲದಲ್ಲೂ ಇದ್ದರು. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ಮುಂಜಾನೆ ನಾಲ್ಕಕ್ಕೆ ಏಳುವುದೆಂದು ಬರೆದುಕೊಳ್ಳುತ್ತಾರೆ. ವಾರ ಕಳೆಯುವುದರೊಳಗೆ ಗೋಡೆಯ ಮೇಲಿನದು ಒಂದು, ನಡೆಯುವುದು ಇನ್ನೊಂದು. ಆಮೇಲೆ ಆ ಹಾಳೆಯನ್ನು ನೋಡಿದಾಗಲೆಲ್ಲ ಮನಸ್ಸಿಗೆ ಚುಚ್ಚುವುದಷ್ಟೇ ಉಳಿಯುತ್ತದೆ.

ಉಪನ್ಯಾಸಕಿ: ಅದಕ್ಕೆ ಅಳತೆಯೇ ಸಿಕ್ಕಿದೆ. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕೆಲ್ ರಾಸ್ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದ ಪದವಿ ವಿದ್ಯಾರ್ಥಿಗಳನ್ನು ನಿಮ್ಮ ಆನರ್ಸ್ ಪ್ರಬಂಧ ಎಷ್ಟು ದಿನದಲ್ಲಿ ಮುಗಿದೀತು ಎಂದು ಕೇಳಿದರು, 1994ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ಹೇಳಿದ್ದು ಸರಾಸರಿ 34 ದಿನ. ಎಲ್ಲವೂ ಕೆಟ್ಟರೆ ಎಂದು ಕೇಳಿದಾಗ 49ರ ಹತ್ತಿರ ಹೇಳಿದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಮೇಲೆ. ತಾವು ಊಹಿಸಿಕೊಂಡ ಅತಿ ಕೆಟ್ಟ ಸ್ಥಿತಿಗಿಂತಲೂ ನಡೆದದ್ದು ಕೆಟ್ಟದಾಗಿತ್ತು. ಇಲ್ಲಿಗೇ ನಿಂತರೆ ನೀವು ಹೇಳಿದ್ದೇ ಸರಿ, ಯೋಜನೆ ಸುಳ್ಳು. ಆದರೆ ಅದೇ ಲೇಖನದ ಬೇರೆ ಪ್ರಯೋಗಗಳಲ್ಲಿ ಇನ್ನೆರಡು ಸಂಗತಿಗಳಿವೆ. ನನ್ನ ಮಾತೆಲ್ಲ ನಿಂತಿರುವುದು ಅವುಗಳ ಮೇಲೆ. ಹಿಂದೆ ಇಂಥದೇ ಕೆಲಸ ನಿನಗೆ ಎಷ್ಟು ದಿನ ಹಿಡಿಯಿತು, ಅದು ಈ ಸಲಕ್ಕೆ ಹೇಗೆ ಅನ್ವಯಿಸುತ್ತದೆ ಎಂದು ಯೋಚಿಸಲು ಹಚ್ಚಿದಾಗ ಊಹೆ ವಾಸ್ತವಕ್ಕೆ ಹತ್ತಿರ ಬಂತು. ಹೊರಗಿನ ಒಬ್ಬರು ಊಹಿಸಿದಾಗಲಂತೂ ಆ ಅತಿಯಾದ ಭರವಸೆಯೇ ಇರಲಿಲ್ಲ. ಬದಲಿಗೆ ಕೊಂಚ ಹೆಚ್ಚು ದಿನವನ್ನೇ ಹೇಳಿದರು. ನಮ್ಮ ಹೊತ್ತಿನ ಬಗ್ಗೆ ನಮಗಿರುವ ಕುರುಡು ಪಕ್ಕದವರಿಗೆ ಇರುವುದಿಲ್ಲ. ನಾಲ್ಕಕ್ಕೆ ಏಳುತ್ತೇನೆ ಎಂದು ಬರೆದವನನ್ನು, ಹೋದ ವಾರ ಎಷ್ಟಕ್ಕೆ ಎದ್ದೆ ಎಂದು ಕೇಳುವವರು ಒಬ್ಬರು ಬೇಕು. ಒಂಟಿಯಾಗಿ ಹಾಕಿದ ಯೋಜನೆ ಆಸೆಯಾಗಿಯೇ ಉಳಿಯುತ್ತದೆ. ಇನ್ನೊಬ್ಬರೊಡನೆ ಕೂತು ತಿದ್ದಿದಾಗ ಅದಕ್ಕೆ ಸ್ವಲ್ಪ ಮೈಕೈ ಬರುತ್ತದೆ.

ಮೇಷ್ಟ್ರು: ಆ ಇನ್ನೊಬ್ಬರು ಪೊಲೀಸಾಗುವುದಕ್ಕೆ ಎಷ್ಟು ಹೊತ್ತು? ಈಗಲೂ ಕಾಲೇಜುಗಳಲ್ಲಿ ಮೆಂಟರ್ ಡೈರಿ ಅಂತ ಇದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ಹೊತ್ತಿಗೆ ಹಿಂದಿನ ತಾರೀಖು ಹಾಕಿ ತುಂಬುವ ಪುಸ್ತಕ ಅದಾಗುವ ಅಪಾಯ ಇದ್ದೇ ಇದೆ. ಹಾಜರಾತಿ ಎಪ್ಪತ್ತೈದಕ್ಕೆ ಇಳಿದರೆ ತಂದೆತಾಯಿಗೆ ಫೋನು. ನೀನು ಇನ್ನೊಂದು ರಿಜಿಸ್ಟರ್ ಸೇರಿಸುತ್ತೀಯ ಅಷ್ಟೇ.

ಉಪನ್ಯಾಸಕಿ: ಆ ಭಯ ನನಗೂ ಇದೆ. ಹಾಜರಾತಿ ಪುಸ್ತಕ ಹೇಳುವುದು ಹುಡುಗಿ ಬೆಂಚಿನ ಮೇಲೆ ಇದ್ದಳೋ ಇಲ್ಲವೋ ಎಂಬುದನ್ನು ಮಾತ್ರ. ಅವಳಿಗೆ ಐದನೆಯ ವಾರದಿಂದ ಪಾಠ ಹತ್ತುತ್ತಿಲ್ಲ ಎಂಬುದು ಅದರಲ್ಲಿ ಬರುವುದಿಲ್ಲ. ಕೇಳಿ ತಿಳಿಯುವುದಕ್ಕೆ ಪುರುಸೊತ್ತು ಬೇಕು, ಆ ಪುರುಸೊತ್ತಿಗೆ ಸಂಖ್ಯೆ ಕಡಿಮೆ ಇರಬೇಕು. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ ತನ್ನ ಸಮುದಾಯ ಕಾಲೇಜುಗಳಲ್ಲಿ 2007ರಲ್ಲಿ ಎಎಸ್‌ಎಪಿ ಎಂಬ ಕಾರ್ಯಕ್ರಮ ಆರಂಭಿಸಿತು. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಬಡವರು. ಅದರ ಫಲ ಅಳೆಯುವ ಅಧ್ಯಯನಕ್ಕೆ ಆರಿಸಿದವರು ಕಾಲೇಜಿನ ಮಟ್ಟಕ್ಕೆ ಇನ್ನೂ ತಯಾರಾಗದೆ ಪೂರಕ ಪಾಠ ಬೇಕಾಗಿದ್ದವರು. ಸಾಮಾನ್ಯ ಸಲಹೆಗಾರರ ಪಾಲಿಗೆ ನೂರಾರು ವಿದ್ಯಾರ್ಥಿಗಳಿದ್ದರೆ, ಈ ಕಾರ್ಯಕ್ರಮದಲ್ಲಿ ಒಬ್ಬರಿಗೆ ಅರವತ್ತು ಎಂಬತ್ತು ಮಂದಿಯಷ್ಟೇ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದಾಗ, ಮೂರು ವರ್ಷಕ್ಕೆ ಕೋರ್ಸ್ ಮುಗಿಸಿದವರು ಕಾರ್ಯಕ್ರಮದ ಗುಂಪಿನಲ್ಲಿ ಶೇ. 40, ಇನ್ನೊಂದರಲ್ಲಿ ಶೇ. 22. ಎರಡೂ ಕಡೆ ಅಂಥದೇ ಮಕ್ಕಳು. ಸೋಮಾರಿತನವೇ ಕಾರಣ ಎನ್ನುವುದಾದರೆ ಅದು ಎರಡು ಗುಂಪಿನಲ್ಲೂ ಅಷ್ಟೇ ಇದ್ದಿರಬೇಕಲ್ಲ?

ಮೇಷ್ಟ್ರು: ಬರೀ ಸಲಹೆಗೆ ಇಷ್ಟು ವ್ಯತ್ಯಾಸ ಬರುವುದು ಅನುಮಾನ. ದುಡ್ಡನ್ನೂ ಕೊಟ್ಟಿರುತ್ತಾರೆ.

ಉಪನ್ಯಾಸಕಿ: ಕೊಟ್ಟಿದ್ದರು. ಬಸ್ಸು, ರೈಲಿಗೆ ಪಾಸು, ಪಠ್ಯಪುಸ್ತಕ, ನೆರವು ಸಾಲದೆ ಹೋದ ಕಡೆ ಫೀಸು. ಬದಲಿಗೆ, ಪೂರ್ಣಾವಧಿ ಓದಬೇಕು ಎಂಬ ಷರತ್ತು. ಇವುಗಳಲ್ಲಿ ಯಾವುದರ ಫಲ ಎಷ್ಟು ಎಂದು ಆ ಅಧ್ಯಯನ ಬಿಡಿಸಿ ತೋರಿಸುವುದಿಲ್ಲ. ನಾನೂ ಎಲ್ಲವನ್ನೂ ಸಲಹೆಯ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ಆದರೆ ಇದು ನನ್ನ ವಾದವನ್ನು ಗಟ್ಟಿ ಮಾಡುತ್ತದೆ ಎಂದೇ ನನಗನಿಸುತ್ತದೆ. ಕೂತು ಮಾತಾಡಿದಾಗಲೇ ಅಲ್ಲವೇ, ಹುಡುಗನ 20 ಗಂಟೆಯನ್ನು ತಿಂದದ್ದು ಮೊಬೈಲಲ್ಲ, ಬಸ್ಸು ಎಂದು ಗೊತ್ತಾಗುವುದು? ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಿಸಬೇಕಾದವನಿಗೆ ಏಕಾಗ್ರತೆಯ ಉಪದೇಶ ಮಾಡಿ ಕಳಿಸಿದರೆ ಅದು ಅನ್ಯಾಯ. ಖರ್ಚಿನ ಮಾತನ್ನೂ ನೀವು ಎತ್ತುತ್ತೀರಿ. ಅಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ತಗುಲಿದ್ದು ಜಾಸ್ತಿಯೇ. ಆದರೆ ಓದು ಮುಗಿಸಿದವರು ಅಷ್ಟು ಹೆಚ್ಚಾದ್ದರಿಂದ ಪದವಿಯೊಂದಕ್ಕೆ ಬಿದ್ದ ವೆಚ್ಚ ಇಳಿಯಿತು.

ಮೇಷ್ಟ್ರು: ಒಪ್ಪಿದೆ ಅನ್ನು. ಆದರೂ ನನ್ನ ಮೊದಲ ಮಾತಿಗೆ ನೀನು ಬಂದಿಲ್ಲ. ಮೂರನೆಯ ಸೆಮಿಸ್ಟರಿನಲ್ಲಿ ಒಬ್ಬ ಬರುತ್ತಾನೆ. ಬಿ.ಕಾಂ. ನನಗಲ್ಲ, ನಾನು ಸಾಹಿತ್ಯ ಓದಬೇಕು ಅನ್ನುತ್ತಾನೆ. ನಿನ್ನ ಹಾಳೆಯಲ್ಲಿ ಅವನು ಹಳಿ ತಪ್ಪಿದವನು. ನನ್ನ ಲೆಕ್ಕದಲ್ಲಿ ಅವನು ಆಗಷ್ಟೇ ಹಳಿ ಕಂಡುಕೊಂಡವನು.

ಉಪನ್ಯಾಸಕಿ: ಇಲ್ಲಿ ನಿಮಗೂ ನನಗೂ ಭೇದವಿಲ್ಲ. ಅವನಿಗೆ ನಾನು ಬೇಡ ಅನ್ನುವುದಿಲ್ಲ. ಬೇರೆ ದಾರಿ ಹಿಡಿದರೆ ಎಷ್ಟು ಸೆಮಿಸ್ಟರ್ ಹಿಂದಕ್ಕೆ ಹೋಗುತ್ತಾನೆ, ಭಾಷಾ ಪತ್ರಿಕೆಗಳ ಕ್ರೆಡಿಟ್ ಉಳಿದೀತೇ, ಸ್ಕಾಲರ್‌ಶಿಪ್ ನಿಂತುಹೋಗುತ್ತದೆಯೇ ಎಂದು ಅವನ ಜೊತೆ ಕೂತು ನೋಡುತ್ತೇನೆ. ಯುಜಿಸಿಯ 2021ರ ನಿಯಮದಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ಸೇರಿದ ಕ್ರೆಡಿಟ್ ಏಳು ವರ್ಷದವರೆಗೆ ಉಳಿಯಬಲ್ಲದು. ಅವನು ಹೋಗಬೇಕೆಂದಿರುವ ಕಡೆ ಅದನ್ನು ಒಪ್ಪುತ್ತಾರೆಯೇ ಎಂದು ವಿಚಾರಿಸುತ್ತೇನೆ. ನಿಮ್ಮ ಅಲೆದಾಟಕ್ಕೆ ಮನೆಯಲ್ಲಿ ಗದ್ದೆ ತೋಟ ಇದ್ದವರು ಒಂದು ವರ್ಷ ಕಳೆದುಕೊಂಡಾರು ಮೇಷ್ಟ್ರೇ. ಕೂಲಿ ಮಾಡಿ ಓದಿಸುವವರ ಮಗನಿಗೆ ಆ ಒಂದು ವರ್ಷ ಎಲ್ಲಿಂದ ಬರಬೇಕು? ಅವನೂ ಅಲೆಯಲಿ ಎಂದೇ ನನ್ನ ಆಸೆ. ಅದಕ್ಕೇ ಅವನ ಲೆಕ್ಕವನ್ನು ಮೊದಲ ಇಂಟರ್ನಲ್ಸ್ ಮುಗಿದ ವಾರದಲ್ಲೇ ನೋಡಬೇಕು ಅನ್ನುತ್ತೇನೆ. ಆಗಿನ್ನೂ ಪರೀಕ್ಷೆಯ ಫೀಸು ಕಟ್ಟಿರುವುದಿಲ್ಲ, ಯಾವ ಸಬ್ಜೆಕ್ಟೂ ಹೋಗಿರುವುದಿಲ್ಲ.

ಮೇಷ್ಟ್ರು: ನಿನ್ನ ಪಾಲಿಗೆ ಎಷ್ಟು ಮಂದಿ ಇದ್ದಾರೆ?

ಉಪನ್ಯಾಸಕಿ: ನೂರಹತ್ತು. ಇವತ್ತಿಗೆ ಇಪ್ಪತ್ತಾರು ಮಂದಿಯದು ಆಯಿತು.

ಮೇಷ್ಟ್ರು: ಹಾಗಾದರೆ ಸೋಮವಾರದಿಂದ ನಾನೂ ಬಂದು ಒಂದು ಮೇಜಿನ ಮುಂದೆ ಕೂರುತ್ತೇನೆ. ನಿನ್ನ ಆ ಹಾಳೆಯನ್ನು ನನಗೂ ಒಂದು ಕೊಡು.