ಅಮ್ಮನ ತಲೆಯ ಚಿತ್ರ

ಅಮ್ಮನ ಎಂಆರ್‌ಐ ವರದಿಯನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಎರಡೂ ಬದಿಯ ಹಿಪೊಕ್ಯಾಂಪಸ್, ಅಂದರೆ ಹೊಸ ನೆನಪುಗಳನ್ನು ಕಟ್ಟಿಕೊಡುವ ಭಾಗ, ವಯಸ್ಸಿಗೆ ಮೀರಿ ಕುಗ್ಗಿದೆ ಎಂದಿತ್ತು. ಪಕ್ಕದಲ್ಲಿದ್ದ ಅಮ್ಮ, ‘ಏನಂತೋ?’ ಎಂದಳು. ‘ವಯಸ್ಸಾದವರಿಗೆಲ್ಲ ಇರೋದೇ ಅಂತೆ’ ಎಂದೆ.

ಸುಳ್ಳು ಹೇಳಿದೆನೇ? ವೈದ್ಯರು ಹೇಳಿದ ಹೆಸರು ‘ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್’. ಮರೆವು ಹೆಚ್ಚಿದೆ, ಆದರೆ ಅಡುಗೆ, ಹಾಲಿನ ಲೆಕ್ಕ, ಬಸ್ಸಿನ ಓಡಾಟ ಯಾವುದೂ ಕೆಟ್ಟಿಲ್ಲ. ಇಂಥವರಲ್ಲಿ ಕೆಲವರು ಡಿಮೆನ್ಶಿಯಾಕ್ಕೆ ಜಾರುತ್ತಾರೆ, ಕೆಲವರು ವರ್ಷಗಟ್ಟಲೆ ಹಾಗೇ ಇರುತ್ತಾರೆ, ಕೆಲವರು ಮೊದಲಿನಂತಾಗುವುದೂ ಉಂಟು. ಯಾರು ಯಾವ ದಾರಿ ಹಿಡಿಯುತ್ತಾರೆಂದು ಮೊದಲೇ ತಿಳಿಯಲು 2004ರಲ್ಲಿ ಅಮೆರಿಕದಲ್ಲಿ ಎಡಿಎನ್‌ಐ ಎಂಬ ದೊಡ್ಡ ಅಧ್ಯಯನ ಶುರುವಾಯಿತು. ಬದುಕಿರುವವರ ಮಿದುಳಿನಲ್ಲಿ ಅಮಿಲಾಯ್ಡ್ ಪ್ರೋಟೀನ್ ಕೂಡಿಕೊಂಡಿರುವುದನ್ನು ಪೆಟ್ ಸ್ಕ್ಯಾನಿನಲ್ಲಿ ಕಂಡ ವರದಿ ಬಂದದ್ದೂ ಅದೇ ವರ್ಷ. ಆದರೂ ಮಿದುಳಿನ ತುಂಬ ಅಮಿಲಾಯ್ಡ್ ಇಟ್ಟುಕೊಂಡೇ ಕೊನೆಯವರೆಗೂ ಚುರುಕಾಗಿ ಬಾಳಿದವರಿದ್ದಾರೆ. ನೂರು ಜನರ ಬಗ್ಗೆ ಧೈರ್ಯವಾಗಿ ಮಾತಾಡುವ ಈ ಗುರುತುಗಳು ಒಬ್ಬಳ ಬಗ್ಗೆ ಕೇಳಿದರೆ ತೊದಲುತ್ತವೆ.

ಹಾಗಾಗಿ, ಖಚಿತವಲ್ಲದ್ದನ್ನು ಹೇಳಿ ಯಾಕೆ ಹೆದರಿಸಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲೊಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಇಡೀ ಜೀನೋಮನ್ನು ಜಗತ್ತಿನ ಮುಂದಿಟ್ಟಾಗ ಒಂದನ್ನು ಮಾತ್ರ ತಮಗೂ ತಿಳಿಸಬೇಡಿ ಎಂದರು: ಆಲ್ಝೈಮರ್ ಅಪಾಯವನ್ನು ಸೂಚಿಸುವ ಎಪಿಒಇ ಜೀನು. ಅವರ ಅಜ್ಜಿಗೆ ಆ ಕಾಯಿಲೆಯಿತ್ತು. ತಿಳಿಯದೆ ಇರುವ ಹಕ್ಕು ಇದೆ ಎನ್ನುವವರು ಈ ಉದಾಹರಣೆ ಕೊಡುತ್ತಾರೆ. ನಾನೂ ಕೊಟ್ಟುಕೊಂಡೆ. ಆದರೆ ಬೇಡವೆಂದದ್ದು ಸ್ವತಃ ವಾಟ್ಸನ್. ಅಮ್ಮನನ್ನು ನಾನು ಕೇಳಲೇ ಇಲ್ಲ.

ಊರಿನ ಮನೆಯನ್ನು ಏನು ಮಾಡುವುದು, ಮಾತು ಬಿಟ್ಟ ಚಿಕ್ಕಮ್ಮನನ್ನು ಕರೆಸುವುದೋ ಬೇಡವೋ, ಮುಂದೆ ಯಾರ ಮನೆಯಲ್ಲಿರುವುದು, ಇವೆಲ್ಲ ಅವಳು ತೀರ್ಮಾನಿಸಬೇಕಾದವು. ಅದಕ್ಕೆ ಬುದ್ಧಿ ಗಟ್ಟಿಯಿರುವ ಕಾಲ ಇದೇ ಇರಬಹುದು. ಹೆದರಬಾರದೆಂದು ನಾನು ಕಾಪಾಡುತ್ತಿದ್ದ ದಿನಗಳೇ ಅವಳಿಂದ ಕಿತ್ತುಕೊಳ್ಳುತ್ತಿದ್ದ ದಿನಗಳೂ ಆಗಿದ್ದವು. ಇನ್ನೊಂದು ಹೇಳಲು ನಾಚಿಕೆ: ಸಾರಿಗೆ ಉಪ್ಪು ಮರೆತರೆ ಮೊದಲು ನಗುತ್ತಿದ್ದೆ, ಈಗ ಎಣಿಸುತ್ತೇನೆ. ಅವಳು ಓದದ ವರದಿಯಿಂದ ಅವಳನ್ನು ನೋಡುವ ನನ್ನ ಕಣ್ಣು ಬದಲಾಗಿತ್ತು.

ಮೊನ್ನೆ ಅವಳೇ ಕೇಳಿದಳು: ‘ಆವತ್ತಿನ ದೊಡ್ಡ ಕವರ್ ಎಲ್ಲೋ? ನನ್ನ ತಲೆ ಫೋಟೋ ಅಲ್ವಾ, ನನಗೆ ಕೊಡು.’

ಕೊಟ್ಟೆ. ಕನ್ನಡಕ ಹುಡುಕಿ ತಂದು ಪಕ್ಕದಲ್ಲಿ ಕೂತಳು. ‘ನಿಧಾನವಾಗಿ ಹೇಳು, ಆವತ್ತು ಹೇಳಿದ ಹಾಗಲ್ಲ’ ಎಂದಳು.