ಗಡಿಕಲ್ಲನ್ನು ಕಾಯುವವರು ಯಾರು?

ಹೊಲದ ಬದುವನ್ನು ಗೇಣುದ್ದ ಸರಿಸಿದ ಕಾರಣಕ್ಕೆ ತಲೆಮಾರುಗಳ ಕಾಲ ಮಾತು ಬಿಟ್ಟ ಕುಟುಂಬಗಳನ್ನು ನೀವು ನಿಮ್ಮ ಊರಿನಲ್ಲಿಯೂ ಕಂಡಿರಬಹುದು. ಗೇಣು ನೆಲದಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೂ ಗಡಿಕಲ್ಲಿಗೆ ಕೈಹಚ್ಚಿದವನನ್ನು ಊರು ಸುಲಭವಾಗಿ ಕ್ಷಮಿಸುವುದಿಲ್ಲ. ಮೋಶೆಯ ಧರ್ಮಶಾಸ್ತ್ರವೂ ಇದನ್ನು ಲಘುವಾಗಿ ಕಾಣಲಿಲ್ಲ. ನೆರೆಯವನ ಗಡಿಕಲ್ಲನ್ನು ಸರಿಸುವವನು ಶಾಪಗ್ರಸ್ತನೆಂದು ಧರ್ಮೋಪದೇಶಕಾಂಡ ಸಾರುತ್ತದೆ. ಅದಕ್ಕೆ ಜನರೆಲ್ಲರೂ 'ಆಮೆನ್' ಎನ್ನಬೇಕೆಂದೂ ವಿಧಿಸುತ್ತದೆ. ಹಾಗಾದರೆ ಗಡಿಕಲ್ಲನ್ನು ಕಾಯುವ ಹೊಣೆ ಹೊಲದ ಒಡೆಯನೊಬ್ಬನದಲ್ಲ, 'ಆಮೆನ್' ಎಂದ ಇಡೀ ಸಮುದಾಯದ್ದು.

ವ್ಯಾಪಾರ, ಉದ್ಯಮಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಲಾಭ ಗಳಿಸುವುದು ಪಾಪವೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಲಾಭವು ಉದ್ಯಮದ ಆರೋಗ್ಯದ ಒಂದು ಲಕ್ಷಣವೆಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1991ರ ತಮ್ಮ ವಿಶ್ವಪತ್ರ 'ಸೆಂತೇಸಿಮುಸ್ ಆನ್ನುಸ್'ನಲ್ಲಿ ಒಪ್ಪಿದ್ದರು. ಆದರೆ ಲೆಕ್ಕಪುಸ್ತಕ ಸರಿಯಾಗಿದ್ದೂ ದುಡಿಯುವವರ ಘನತೆ ಮಣ್ಣುಪಾಲಾಗಿರಬಹುದೆಂದು ಅದೇ ಪತ್ರದಲ್ಲಿ ಎಚ್ಚರಿಸಿದ್ದರು. ಆದ್ದರಿಂದ ಲಾಭ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಆ ಲಾಭ ಯಾರ ಗಡಿಯನ್ನು ದಾಟಿ ಬಂದಿತು ಎಂಬುದೇ ಪ್ರಶ್ನೆ.

ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನಿನ ವರ್ಷಗಳಲ್ಲಿ ಚೀನಾ ದೇಶದ ಉಕ್ಕಿನ ಹಸಿವು ಬೆಳೆಯಿತು. ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿತು. ಬಳ್ಳಾರಿ ಜಿಲ್ಲೆಯ ಸಂಡೂರಿನ ಹಸಿರು ಬೆಟ್ಟಗಳು ಹಗಲಿರುಳೂ ಕರಗತೊಡಗಿದವು. ಗುತ್ತಿಗೆ ಪಡೆದ ಜಾಗವನ್ನು ಮೀರಿ ಅರಣ್ಯವನ್ನು ಅಗೆಯಲಾಯಿತು. ರಸ್ತೆ ಬದಿಯ ಹೊಲಗಳ ಬೆಳೆಯ ಮೇಲೆ ಕೆಂಪು ಧೂಳು ಕವಿಯಿತು. ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ನಡುವಣ ಗಡಿಯ ಗುರುತುಗಳನ್ನೇ ಅಳಿಸಲಾಗಿದೆ ಎಂಬ ದೂರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆ ಗಡಿಯನ್ನು ಮತ್ತೆ ಗುರುತಿಸಲು ಭಾರತೀಯ ಸರ್ವೇಕ್ಷಣ ಇಲಾಖೆಯೇ ಬರಬೇಕಾಯಿತು. ಹೊಲದ ಕಲ್ಲಿನ ಮಾತು ಹಾಗಿರಲಿ, ರಾಜ್ಯದ ಕಲ್ಲೇ ಸರಿದಿತ್ತು!

ಅಷ್ಟು ದೊಡ್ಡ ಕಲ್ಲು ಒಬ್ಬನ ಕೈಯಿಂದ ಸರಿಯುವುದಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ಸಲ್ಲಿಸಿದ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟವನ್ನು ₹16,085 ಕೋಟಿ ಎಂದು ಅಂದಾಜಿಸಿತು. ಕೆಳಹಂತದ ನೌಕರರಿಂದ ಹಿಡಿದು ಅಧಿಕಾರದ ಮೇಲಿನ ಮೆಟ್ಟಿಲುಗಳವರೆಗೆ ಹಲವರತ್ತ ಅದು ಬೆರಳು ತೋರಿತು. ಗಣಿಯ ಹಣ ಚುನಾವಣೆಗೆ ನೆರವಾಗಿ, ಚುನಾವಣೆಯ ಗೆಲುವು ಗಣಿಗೆ ನೆರಳಾದಾಗ ಕಾನೂನನ್ನು ಕೇಳುವವರಿರುವುದಿಲ್ಲ. ಅರಸ ಅಹಾಬನಿಗೆ ನಾಬೋತನ ದ್ರಾಕ್ಷಿತೋಟದ ಮೇಲೆ ಆಸೆಯಾದಾಗ ನಡೆದುದೂ ಇದೇ ಅಲ್ಲವೇ? ಅಲ್ಲಿ ರಾಜಮುದ್ರೆಯೊತ್ತಿದ ಪತ್ರಗಳಿದ್ದವು, ಹಿರಿಯರ ಸಭೆಯಿತ್ತು, ಸಾಕ್ಷಿಗಳೂ ಇದ್ದರು. ಸತ್ಯವೊಂದೇ ಇರಲಿಲ್ಲ.

"ಉದ್ಯಮವಿದ್ದರೆ ತಾನೇ ನಾಲ್ಕು ಜನರಿಗೆ ಅನ್ನ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 2011ರ ಜುಲೈ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ಕೂಲಿ ಕಳೆದುಕೊಂಡವರು ಗಣಿಯ ಕಾರ್ಮಿಕರು. ಕಂತು ಕಟ್ಟಲಾಗದೆ ಕಂಗೆಟ್ಟವರು ಸಾಲ ಮಾಡಿ ಲಾರಿ ಕೊಂಡವರು. ಆದರೆ ಅವರ ಸಂಕಟ ಆರಂಭವಾದದ್ದು ನ್ಯಾಯಾಲಯದ ತೀರ್ಪಿನಿಂದಲೇ? ಅನ್ಯಾಯದ ಅಡಿಪಾಯದ ಮೇಲೆ ಅವರ ಅನ್ನದ ತಟ್ಟೆಯನ್ನು ಇಟ್ಟವರು ಮೊದಲ ಹೊಣೆಗಾರರಲ್ಲವೇ? ಗಡಿ ಮೀರಿದ ಉದ್ಯಮ ಬಡವನನ್ನು ಎರಡು ಬಾರಿ ಹೊಡೆಯುತ್ತದೆ: ನಡೆಯುವಾಗ ಅವನ ಹೊಲ, ನೀರು, ಉಸಿರನ್ನು ಕೆಡಿಸುತ್ತದೆ, ನಿಂತಾಗ ಅವನ ಕೂಲಿಯನ್ನು ಕಸಿಯುತ್ತದೆ.

2013ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅಂತಿಮ ತೀರ್ಪು ನೀಡಿತು. ಗುತ್ತಿಗೆಗಳನ್ನು ಅವುಗಳ ಅಕ್ರಮದ ಪ್ರಮಾಣಕ್ಕನುಸಾರ ಮೂರು ವರ್ಗಗಳಾಗಿ ವಿಂಗಡಿಸಲಾಗಿತ್ತು. ಯಾರು ಎಷ್ಟು ಗಡಿ ದಾಟಿದ್ದಾರೆ ಎಂಬುದೇ ಅದರ ಮುಖ್ಯ ಅಳತೆಗೋಲು. ಅತಿ ಹೆಚ್ಚು ತಪ್ಪೆಸಗಿದವರ ಗುತ್ತಿಗೆಗಳು ರದ್ದಾದವು. ಉಳಿದವರಲ್ಲಿ ಗಡಿ ಮೀರಿದವರು ಪರಿಹಾರ ತೆರಬೇಕಾಯಿತು. ನೆಲವನ್ನು ಸುಧಾರಿಸುವ ಯೋಜನೆಯಿಲ್ಲದೆ ಗಣಿ ತೆರೆಯುವಂತಿರಲಿಲ್ಲ. ಪರಿಸರದ ಪುನಶ್ಚೇತನಕ್ಕೆಂದು ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಬಹುಕಾಲ ಬಳಕೆಯಾಗದೆ ಉಳಿಯಿತು. ಹಣವನ್ನು ಹಿಂದಿರುಗಿಸಬಹುದು, ಬೆಟ್ಟವನ್ನು ಹಿಂದಿರುಗಿಸುವ ಬ್ಯಾಂಕು ಎಲ್ಲಿದೆ? ಏದೆನ್ ತೋಟದಲ್ಲಿ ದೇವರು ಮನುಷ್ಯನಿಗೆ ಉಳುವ ಕೆಲಸದೊಡನೆ ಕಾಯುವ ಕೆಲಸವನ್ನೂ ಒಪ್ಪಿಸಿದರು. ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ನೆನಪಿಸಿದ್ದೂ ಇದನ್ನೇ: ಭೂಮಿಯ ಕೂಗು, ಬಡವರ ಕೂಗು ಬೇರೆ ಬೇರೆಯಲ್ಲ.

ಇಷ್ಟನ್ನು ಓದಿ, "ನಾವು ಗಣಿಧಣಿಗಳಲ್ಲವಲ್ಲ" ಎಂದು ಪುಟ ಮಗುಚುವುದು ಸುಲಭ. ಆದರೆ ಕ್ಷಣಕಾಲ ನಿಲ್ಲಿ. ಹೊಸ ಮನೆ ಕಟ್ಟಿದಾಗ ಗುರುಗಳನ್ನು ಕರೆಸಿ ಆಶೀರ್ವದಿಸಿಕೊಳ್ಳುತ್ತೇವೆ. ಆ ಗೋಡೆಯ ಮರಳು ಯಾವ ಹೊಳೆಯದು, ರಾತ್ರಿ ಬಂದ ಲಾರಿಗೆ ಪರವಾನಗಿ ಇತ್ತೇ ಎಂದು ಕೇಳಿದ್ದೇವೆಯೇ? ನಮ್ಮ ಅಂಗಡಿಯ ಹುಡುಗನಿಗೆ ತಕ್ಕ ಸಂಬಳ ಕೊಟ್ಟಿದ್ದೇವೆಯೇ? ಚುನಾವಣೆಯ ಹಿಂದಿನ ರಾತ್ರಿ ಮನೆಬಾಗಿಲಿಗೆ ಬಂದ ಲಕೋಟೆಯನ್ನು ಹಿಂದಕ್ಕೆ ಕಳುಹಿಸಿದ್ದೇವೆಯೇ? ಆ ಲಕೋಟೆಯೊಳಗೆ ಯಾವುದೋ ಬೆಟ್ಟದ ಚೂರೊಂದು ಇದ್ದಿರಬಹುದು. ನಾವು ಕೇಳದೆ ಬಿಟ್ಟ ಪ್ರಶ್ನೆಗಳೇ ಗಡಿಕಲ್ಲು ಸರಿಸುವವನ ಧೈರ್ಯ.

ಜೆರಿಕೋವಿನ ಜಕ್ಕಾಯನನ್ನು ನೆನೆಯಿರಿ. ಅವನು ಸುಂಕದ ಮುಖ್ಯಸ್ಥ. ಅವನ ವೃತ್ತಿಯಲ್ಲಿ ಅಧಿಕಾರವೂ ಹಣವೂ ಒಂದನ್ನೊಂದು ಹಿಡಿದುಕೊಂಡಿದ್ದವು. ಯೇಸುಸ್ವಾಮಿ ಅವನಿಂದ ಲೆಕ್ಕ ಕೇಳಲಿಲ್ಲ, ಅವನ ಮನೆಗೆ ಅತಿಥಿಯಾಗಿ ಹೋದರು. ಆಗ ಅವನೇ ಎದ್ದುನಿಂತು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡುವುದಾಗಿ ನುಡಿದ. ಆಯೋಗ, ವರದಿ, ತೀರ್ಪು ಯಾವುದಕ್ಕೂ ಅವನು ಕಾಯಲಿಲ್ಲ. ಸರಿಸಿದ ಕಲ್ಲನ್ನು ತನ್ನ ಕೈಯಿಂದಲೇ ಮತ್ತೆ ಅದರ ಜಾಗದಲ್ಲಿಟ್ಟ.

ಮುಂದಿನ ಭಾನುವಾರ ಬಲಿಪೂಜೆಯಲ್ಲಿ 'ಆಮೆನ್' ಎನ್ನುವಾಗ, ಅಂದು ಇಸ್ರಯೇಲ ಜನರು ನುಡಿದ ಆ 'ಆಮೆನ್' ಕೂಡ ನೆನಪಿಗೆ ಬರಲಿ. ಬಳಿಕ ಮನೆಗೆ ಮರಳಿ, ನಾವು ಸರಿಸಿದ ಕಲ್ಲು ಎಲ್ಲಾದರೂ ಇದೆಯೇ ಎಂದು ಹುಡುಕೋಣ.