ನಿಜವನ್ನೇ ಬರೆದು ಸುಳ್ಳು ಹೇಳಬಹುದೇ?

ಮಕ್ಕಳಿಗೆಂದು ಮನೆಗೆ ತಂದ ಬಿಸ್ಕತ್ತಿನ ಪೊಟ್ಟಣವೊಂದನ್ನು ಕೈಗೆತ್ತಿಕೊಳ್ಳಿ. ಅದರ ಮುಂಭಾಗದಲ್ಲಿ ರಾಗಿ ತೆನೆಯ ಚಿತ್ರವೂ ದಪ್ಪಕ್ಷರದಲ್ಲಿ ರಾಗಿಯ ಹೆಸರೂ ಇದ್ದರೆ, ಹಿಂಭಾಗವನ್ನೂ ತಿರುಗಿಸಿ ನೋಡಿ. ಅಲ್ಲಿನ ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ ಬರಬೇಕೆಂಬುದು ನಿಯಮ. ಕೆಲವು ಪೊಟ್ಟಣಗಳಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಎಣ್ಣೆ. ರಾಗಿಯ ಸರದಿ ಅವೆಲ್ಲದರ ನಂತರ.

ಹಾಗಾದರೆ ಮುಂದಿನ ಚಿತ್ರ ಸುಳ್ಳೇ? ‘ರಾಗಿ ಇದೆಯಲ್ಲ! ಉಳಿದದ್ದನ್ನೂ ಹಿಂದೆ ಮುದ್ರಿಸಿದ್ದೇವೆ, ಓದದಿದ್ದರೆ ಕೊಂಡವರ ತಪ್ಪು’ ಎಂದು ತಯಾರಕರು ವಾದಿಸಬಹುದು. ಮೇಲ್ನೋಟಕ್ಕೆ ಸರಿಯೆನಿಸುತ್ತದೆ.

ಆದರೆ ಓದುವುದಾದರೂ ಹೇಗೆ? ನಮ್ಮ ದೇಶದ ನಿಯಮದಂತೆ ಈ ವಿವರಗಳು ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಕಡ್ಡಾಯವಲ್ಲ. ಕನ್ನಡವನ್ನಷ್ಟೇ ಬಲ್ಲ ತಾಯಿಗೆ ಅರ್ಥವಾಗುವುದು ಚಿತ್ರವೊಂದೇ. ಅದನ್ನು ನಂಬಿ ಆಕೆ ತನ್ನ ಕೂಲಿಯ ಹಣ ಕೊಡುತ್ತಾಳೆ.

ಸಂತ ಅಗಸ್ಟೀನರು ಸುಮಾರು 395ರಲ್ಲಿ ಸುಳ್ಳಿನ ಕುರಿತೇ ಒಂದು ಗ್ರಂಥ ಬರೆದರು. ಸುಳ್ಳುಗಾರನ ದೋಷವನ್ನು ಅವರು ಕಂಡದ್ದು ವಂಚಿಸುವ ಇಚ್ಛೆಯಲ್ಲಿ. ನಿಜವಾದ ಮಾತುಗಳನ್ನೇ ಜೋಡಿಸಿ ನೆರೆಯವರ ಮನಸ್ಸಿನಲ್ಲಿ ತಪ್ಪು ನಂಬಿಕೆ ಬಿತ್ತುವವನು ಎಂಟನೆಯ ಆಜ್ಞೆಯಿಂದ ನುಣುಚಿಕೊಳ್ಳಲಾರ. ಆ ನಂಬಿಕೆಯಿಂದಲೇ ಹಣ ಗಳಿಸಿದರೆ ಏಳನೆಯದನ್ನೂ ಮೀರಿದಂತೆ.

ಕಾನೂನು ಸುಮ್ಮನಿಲ್ಲ. ಗಟ್ಟಿಗೊಳಿಸಿದ ರಸಕ್ಕೆ ನೀರು ಸೇರಿಸಿ ತಯಾರಿಸಿದ ಪಾನೀಯಗಳ ಮೇಲೆ ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶಿಸಿತು. ಅವುಗಳಲ್ಲಿ ಹೆಚ್ಚಾಗಿದ್ದುದು ನೀರೇ. ಆದರೆ ಕಾನೂನು ಒಂದು ಮಾತನ್ನು ಅಳಿಸಿದರೆ ಲಾಭದಾಸೆ ಇನ್ನೊಂದನ್ನು ಹುಡುಕೀತು. ಅಲ್ಲಿ ಕೆಲಸ ಮಾಡಬೇಕಾದದ್ದು ಮನಸ್ಸಾಕ್ಷಿ.

ಇದು ದೊಡ್ಡ ಕಂಪನಿಗಳಿಗೆ ಮಾತ್ರ ಹೇಳುವ ಮಾತೆಂದು ತಿಳಿಯಬೇಡಿ. ಸಕ್ಕರೆ ಪಾಕ ಬೆರೆಸಿದ ಜೇನನ್ನು ‘ಕಾಡಿನ ಜೇನು’ ಎಂದೋ, ಪೇಟೆಯಿಂದ ತಂದ ಉಪ್ಪಿನಕಾಯಿಯನ್ನು ‘ಮನೆಯಲ್ಲೇ ಹಾಕಿದ್ದು’ ಎಂದೋ ಚರ್ಚಿನ ಹಬ್ಬದ ಅಂಗಡಿಯಲ್ಲಿ ಮಾರುವವರು ನಾವೂ ಆಗಬಹುದು. ಹಣ ಒಳ್ಳೆಯ ಕಾರ್ಯಕ್ಕೇ ಹೋದರೂ ಮಾತು ಸುಳ್ಳೇ.

ಆದ್ದರಿಂದ ಕೊಳ್ಳುವಾಗ ಪೊಟ್ಟಣದ ಹಿಂಭಾಗವನ್ನು ಓದಿ. ಪಕ್ಕದಲ್ಲಿ ಓದಲು ಬಾರದವರಿದ್ದರೆ ಅವರಿಗೂ ಓದಿ ಹೇಳಿ. ಮಾರುವಾಗ ನಿಮ್ಮನ್ನೇ ಕೇಳಿಕೊಳ್ಳಿ: ‘ನನಗೆ ಗೊತ್ತಿರುವುದೆಲ್ಲ ಇವರಿಗೂ ಗೊತ್ತಿದ್ದರೆ ಇದನ್ನು ಕೊಳ್ಳುತ್ತಿದ್ದರೇ?’